ಜೆನಿನಾಳ ಕೊನೆಯ ಸಾಕ್ಷಿ

"ಏಳೇ! ಏಳೇ ಮೇಲೆ, ಮಗು ಒಲೆ ಹತ್ರ ಇದೆ!"

ಜೆನಿನಾ ಕೂಗಿದ ಕೂಗಿಗೆ ಎದುರು ಗುಡ್ಡದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ಇತ್ತ ತಿರುಗಿದರು. ಗುದ್ದಲಿ ಅಂಗಳದಲ್ಲೇ ಬಿತ್ತು. ಮಣ್ಣುಗಾಲಲ್ಲೇ ಅಡುಗೆ ಗುಡಿಸಲಿಗೆ ನುಗ್ಗಿದವಳು ಚಾಪೆಯ ಮೇಲೆ ತನ್ನ ಪಾಡಿಗೆ ತಾನು ಕಾಲು ಬಡಿಯುತ್ತಿದ್ದ ನಾಲ್ಕು ತಿಂಗಳ ಮೊಮ್ಮಗನನ್ನು ಬಾಚಿ ಎದೆಗೆ ಅವಚಿಕೊಂಡಳು. ಮಗುವಿಗೆ ಏನೂ ಆಗಿರಲಿಲ್ಲ. ಒಲೆಗೂ ಚಾಪೆಗೂ ನಡುವೆ ಒಂದು ಹಸು ಮಲಗುವಷ್ಟು ಜಾಗವಿತ್ತು. ಇನ್ನೂ ಮಗುಚಿಕೊಳ್ಳಲೂ ಬಾರದ ಕೂಸು ಅಷ್ಟು ದೂರ ಹೋಗುವುದಾದರೂ ಹೇಗೆ? ಅಜ್ಜಿಯ ಅಬ್ಬರಕ್ಕೆ ಹೆದರಿ ಅದು ಕಿಟಾರನೆ ಕಿರುಚಿತು, ಅಷ್ಟೆ.

ಗೋಡೆಗೊರಗಿ ನಿದ್ದೆ ಹೋಗಿದ್ದ ನಿನ್ಸೀಮ ಬೆಚ್ಚಿ ಎದ್ದಳು. "ಏನವ್ವ, ಏನಾಯ್ತು?"

"ಏನಾಯ್ತಾ? ಇಲ್ಲಿ ಗಂಜಿ ಕೊತಕೊತ ಕುದೀತಿದೆ, ಮಗು ನೆಲದ ಮೇಲಿದೆ, ನೀನು ಗೊರಕೆ ಹೊಡೀತಿದೀಯ!"

"ರಾತ್ರಿಯೆಲ್ಲ ಅತ್ತಿದಾನೆ. ಕಣ್ಣು ಎಳೀತು."

"ಕಣ್ಣು ಎಳೀತಂತೆ! ಅವತ್ತು ನನಗೂ ಹೀಗೇ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ನಿನ್ಸೀಮ ತಾಯಿಯನ್ನೇ ನೋಡುತ್ತ ನಿಧಾನವಾಗಿ ಎಡತೋಳಿನ ಬಟ್ಟೆಯನ್ನು ಮೇಲಕ್ಕೆ ಸರಿಸಿದಳು. ಮೊಣಕೈಯಿಂದ ಕೆಳಗೆ ಚರ್ಮ ಮುದುರಿ ಗಂಟುಗಂಟಾಗಿತ್ತು. ಕೊನೆಯ ಎರಡು ಬೆರಳು ಕೂಡಿಕೊಂಡು ಒಂದೇ ಆಗಿದ್ದವು. "ಯಾಕೆ ನಿಲ್ಲಿಸಿದೆ? ಹೇಳು. ಆ ಗಂಜಿ ನನ್ನನ್ನ ಸುಟ್ಟಿದ್ದು ಒಂದೇ ಸಲ ಅವ್ವ. ನೀನು ವಾರವಾರ ಸುಡ್ತೀಯ."

ಮಗಳ ಮಾತು ಸುಳ್ಳಾಗಿರಲಿಲ್ಲ. ಅವರ ಗುಡ್ಡದಲ್ಲಿ ಯೇಸುವಿನಿಂದ ರಕ್ಷಣೆ ಹೊಂದಿದವರ ಕೂಟ ಪ್ರತಿ ಶುಕ್ರವಾರ ಸೇರುತ್ತಿತ್ತು. ಅಲ್ಲಿ ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಪಾಪವನ್ನು ಬಾಯಿಬಿಟ್ಟು ಹೇಳಬೇಕು; ಅದಕ್ಕೆ ಸಾಕ್ಷಿ ಎನ್ನುತ್ತಿದ್ದರು. ಹೇಳಿ ಮುಗಿದೊಡನೆ ಎಲ್ಲರೂ ಸ್ತುತಿಯ ಹಾಡು ಹಾಡಿ ಅವರನ್ನು ಅಪ್ಪಿಕೊಳ್ಳಬೇಕು. ಹತ್ತೊಂಬತ್ತು ವರ್ಷಗಳ ಹಿಂದೆ, ಇನ್ನೂ ಎರಡು ತುಂಬದ ನಿನ್ಸೀಮ ಕುದಿಯುವ ಗಂಜಿಯ ಮಡಕೆಯನ್ನು ಎಳೆದುಕೊಂಡ ಮೇಲೆ, ಜೆನಿನಾ ಮೊದಲ ಸಲ ಅಲ್ಲಿ ಎದ್ದು ನಿಂತಿದ್ದಳು. 'ಮಗು ಆಡುತ್ತಿದ್ದಾಗ ನಾನು ಮಲಗಿಬಿಟ್ಟೆ' ಎಂದು ಎದೆ ಬಡಿದುಕೊಂಡು ಅತ್ತಿದ್ದಳು. ಕೂಟವೂ ಅತ್ತಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ವಾರ ಹೊಸಬರು ಬಂದರು, ಅವರಿಗೂ ಹೇಳು ಎಂದರು. ಅದರ ಮುಂದಿನ ವಾರ ಪಕ್ಕದ ಗುಡ್ಡದವರು ಬಂದರು. ಹೇಳುತ್ತ ಹೇಳುತ್ತ ಕಥೆಗೆ ರೆಕ್ಕೆಪುಕ್ಕ ಬಂತು. ನಿದ್ದೆ ಹೋಗಿ ಸೋಮಾರಿತನವಾಯಿತು, ಸೋಮಾರಿತನ ಸೈತಾನನಾಯಿತು. ಜೆನಿನಾಳಿಗೇ ಯಾವುದು ನಡೆದದ್ದು, ಯಾವುದು ಕೂಟದಲ್ಲಿ ಸೇರಿಕೊಂಡದ್ದು ಎಂಬುದು ಮಸುಕಾಗತೊಡಗಿತು. ಇಟ್ಟಿಗೆ ಸುಡುವ ಕೆಲಸಕ್ಕೆಂದು ರಾಜಧಾನಿ ಕಂಪಾಲಾಕ್ಕೆ ಹೋದ ಗಂಡ ಹೋದವನು ಹೋದವನೇ. ಅವನ ಸಾಕ್ಷಿಯನ್ನು ಯಾರೂ ಕೇಳಲಿಲ್ಲ.

ಮಗು ಸುಟ್ಟುಕೊಂಡ ದಿನದಿಂದ ಜೆನಿನಾ ಹಗಲು ಹೊತ್ತು ಗೋಡೆಗೆ ಬೆನ್ನು ಕೊಟ್ಟು ಕೂತವಳಲ್ಲ. ಜ್ವರ ಬಂದರೂ ನೆಟ್ಟಗೆ ಕೂರುತ್ತಿದ್ದಳು.

ಗಂಜಿ ಇಳಿಸುವಷ್ಟರಲ್ಲಿ ಎಡಿನಾನ್ಸಿ ಬಂದಳು. ಕೆಳಗಿನ ಮನೆಯವಳು, ಕೂಟದ ಹೆಂಗಸರಿಗೆಲ್ಲ ಹಿರಿಯಕ್ಕ. ಕೂಗು ಅವಳ ಕಿವಿಗೂ ಬಿದ್ದಿತ್ತು. ಅವಳನ್ನು ಕೆಟ್ಟವಳು ಎನ್ನಲು ಯಾರಿಗೂ ಬಾಯಿ ಬಾರದು. ಅಂದು ಸುಟ್ಟ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಎರಡು ಗುಡ್ಡ ದಾಟಿ ಆಸ್ಪತ್ರೆಗೆ ಓಡಿದವಳು ಅವಳೇ. ಆ ಋಣ ಜೆನಿನಾಳ ನಾಲಿಗೆಯ ಮೇಲೆ ಸದಾ ಭಾರವಾಗಿ ಕೂತಿರುತ್ತಿತ್ತು.

"ಎಲ್ಲ ಕೇಳಿಸ್ತು ಕಣೆ," ಎಂದಳು ಎಡಿನಾನ್ಸಿ, ಮಣೆಯ ಮೇಲೆ ಕೂರುತ್ತ. "ಸ್ವಾಮಿ ಚಿತ್ತ ನೋಡು. ನಾಳೆ ಸರೋವರದ ಆಚೆ ದಡದ ದೊಡ್ಡ ಕೂಟದಲ್ಲಿ ಎಳೆ ಬಾಣಂತೀರೇ ತುಂಬಿರ್ತಾರೆ. ನೀನು ನಿನ್ನ ಸಾಕ್ಷಿ ಹೇಳು. ನಿನ್ನ ಪಕ್ಕದಲ್ಲಿ ಇವಳು ನಿಂತ್ಕೊಂಡು ಕೈ ತೋರಿಸಲಿ. ಆಮೇಲೆ ಇವತ್ತು ತಾನು ಮಲಗಿದ್ದನ್ನೂ ಹೇಳಿಕೊಳ್ಳಲಿ. ತಾಯಿ ಪಾಪ ಮಗಳಿಗೆ ಹೇಗೆ ಇಳಿಯತ್ತೆ ಅಂತ ಜನಕ್ಕೆ ಗೊತ್ತಾಗತ್ತೆ."

"ದೊಡ್ಡಮ್ಮ, ನನ್ನ ಕೈ ಏನು ಜಾತ್ರೆ ಗೊಂಬೇನಾ?" ಎಂದಳು ನಿನ್ಸೀಮ. "ದೋಣಿ ಹುಟ್ಟು ಹಾಕೋಕೆ ಬರ್ತೀನಿ, ಅಷ್ಟೇ. ನನ್ನನ್ನ ಕರೆದು ನಿಲ್ಲಿಸಿದ್ರೆ ಅಲ್ಲಿಂದಲೇ ಪಟ್ಟಣದ ಬಸ್ಸು ಹತ್ತುತ್ತೀನಿ. ಆಮೇಲೆ ಈ ಅಂಗಳ ತುಳಿಯಲ್ಲ. ಇವನೂ ತುಳಿಯಲ್ಲ." ಮಗುವನ್ನು ತಾಯಿಯ ಕೈಯಿಂದ ತೆಗೆದುಕೊಂಡು ಹೊರಗೆ ಹೋದಳು.

"ಗರ್ವ ನೋಡು," ಎಂದಳು ಎಡಿನಾನ್ಸಿ. "ನೀನು ಮಾತಾಡು ಅವಳ ಹತ್ರ."

"ಮಾತಾಡ್ತೀನಿ ಅಕ್ಕ," ಎಂದಳು ಜೆನಿನಾ. ಮಾತಾಡಲಿಲ್ಲ.

ಬೆಳಿಗ್ಗೆ ಬುನ್ಯೊನ್ಯಿ ಸರೋವರದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮರ ಕೊರೆದ ದೋಣಿಯ ತುಂಬ ಗುಡ್ಡದ ಹೆಂಗಸರು. ಭುಜದ ಮೇಲೆ ಚೂಪಾಗಿ ಎದ್ದುನಿಂತ ಗೊಮೇಸಿ ಉಡುಪುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಹಿಂದುಗಡೆ ನಿನ್ಸೀಮ ಹುಟ್ಟು ಹಾಕುತ್ತಿದ್ದಳು. ನಡುನೀರಿಗೆ ಬಂದಾಗ ಗಾಳಿ ಎದ್ದು ದೋಣಿ ಓಲಾಡಿತು, ತಣ್ಣೀರು ಎಲ್ಲರ ಮಡಿಲಿಗೆ ಸಿಡಿಯಿತು. ಒಂದಿಬ್ಬರು ಕಿರುಚಿದರು. ಜೆನಿನಾಳ ತೊಡೆಯ ಮೇಲಿದ್ದ ಮಗುವಿಗೆ ಮಾತ್ರ ಅದಾವುದರ ಪರಿವೆಯೂ ಇರಲಿಲ್ಲ. ಕೆನ್ನೆಯ ಮೇಲೆ ನೀರಹನಿ ಕೂತಿದ್ದರೂ ಬಾಯಿ ತೆರೆದು ಮಲಗಿತ್ತು. ರಾತ್ರಿಯೆಲ್ಲ ಅತ್ತು ಸೋತಿತ್ತು ಪಾಪ.

ಜೆನಿನಾ ಅದನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, "ಅಕ್ಕ, ಯೇಸುಸ್ವಾಮಿ ಅವತ್ತು ಬಿರುಗಾಳಿಲಿ ದೋಣಿಯೊಳಗೆ ಮಲಗಿದ್ನಲ್ಲ, ಯಾಕೆ ಮಲಗಿದ್ದ?"

"ನಂಬಿಕೆ ಅಂದ್ರೆ ಏನು ಅಂತ ಶಿಷ್ಯರಿಗೆ ತೋರಿಸೋಕೆ," ಎಂದಳು ಎಡಿನಾನ್ಸಿ, ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು.

"ದಣಿದಿರಲಿಲ್ವಾ?"

"ದೇವರ ಮಗನಿಗೆ ಎಂಥಾ ದಣಿವೇ? ಸುಮ್ಮನಿರು, ಸಾಕ್ಷಿ ನೆನಪು ಮಾಡಿಕೊ."

ಜೆನಿನಾಳಿಗೆ ಸಾಕ್ಷಿಯ ಬದಲು ಯೇಸುವಿನ ಆ ದೋಣಿಯೇ ಕಣ್ಣಮುಂದೆ ಬರುತ್ತಿತ್ತು. ದಿನವಿಡೀ ಜನ ಮೈಮೇಲೆ ಬಿದ್ದು, ನನ್ನ ಕಾಲು, ನನ್ನ ಕಣ್ಣು, ನನ್ನ ಮಗಳು ಎಂದು ಜಗ್ಗಿದ್ದಾರೆ. ಸಂಜೆಯಾದ ಮೇಲೆ ಹೇಗೋ ದೋಣಿ ಹತ್ತಿದವನು ತಲೆದಿಂಬು ಸಿಕ್ಕಿದ್ದೇ ಸಾಕೆಂದು ಬಿದ್ದುಕೊಂಡಿದ್ದಾನೆ. ಮುಖದ ಮೇಲೆ ನೀರು ಬಿದ್ದರೂ ಎಚ್ಚರವಾಗದ ನಿದ್ದೆ. ಅಂಥ ನಿದ್ದೆ ಎಂಥದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಚೆ ದಡದ ಚರ್ಚಿನ ಅಂಗಳ ಜನರಿಂದ ತುಂಬಿಹೋಗಿತ್ತು. ಮುಂದಿನ ಸಾಲುಗಳಲ್ಲಿ ಬೆನ್ನಿಗೋ ಮಡಿಲಿಗೋ ಮಕ್ಕಳನ್ನು ಕಟ್ಟಿಕೊಂಡ ಎಳೆಯ ತಾಯಂದಿರು. ನಾಲ್ಕಾರು ಜನರ ಸಾಕ್ಷಿ ಮುಗಿಯಿತು. ಎಡಿನಾನ್ಸಿ ಬೆನ್ನು ತಟ್ಟಿದಳು. ಜೆನಿನಾ ಎದ್ದು ನಿಂತಳು.

"ಯೇಸುಸ್ವಾಮಿ ನನ್ನನ್ನ ತೊಳೆದಿದಾನೆ," ಎಂದು ವಾಡಿಕೆಯಂತೆ ಶುರುಮಾಡಿದಳು. "ಸ್ತೋತ್ರ!" ಎಂದಿತು ಸಭೆ. "ಹತ್ತೊಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು..."

ಅವಳ ಗುಡ್ಡದ ಹೆಂಗಸರು ಆಗಲೇ ಬಟ್ಟೆಯ ತುದಿಯನ್ನು ಮೂಗಿಗೆ ಒತ್ತಿಕೊಂಡರು. ಎಲ್ಲಿ ಅಳಬೇಕೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಜೆನಿನಾ ಅಂಗಳದಾಚೆ ನೋಡಿದಳು. ನೀಲಗಿರಿ ಮರದ ಕೆಳಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದ ನಿನ್ಸೀಮ, ಅಂಥ ಬಿಸಿಲಲ್ಲೂ ಎಡತೋಳಿನ ಬಟ್ಟೆಯನ್ನು ಬೆರಳ ತುದಿಯವರೆಗೆ ಎಳೆದುಕೊಳ್ಳುತ್ತಿದ್ದಳು. ಅವಳ ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟಿತ್ತು. ಬಸ್ಸು ಹತ್ತುವ ತಯಾರಿಯಲ್ಲೇ ಬಂದಿದ್ದಳು.

ಜೆನಿನಾಳ ಮಾತು ನಿಂತಿತು. ಮರೆತಳೇನೋ ಎಂದುಕೊಂಡ ಎಡಿನಾನ್ಸಿ ಮೆಲ್ಲಗೆ ಎತ್ತಿಕೊಟ್ಟಳು, "ಸೋಮಾರಿತನ ನನ್ನನ್ನ ಗೆದ್ದಿತು..."

"ಇಲ್ಲ ಅಕ್ಕ," ಎಂದಳು ಜೆನಿನಾ. "ಸೋಮಾರಿತನ ಅಲ್ಲ. ದಣಿದಿದ್ದೆ."

ಬಟ್ಟೆಯ ತುದಿಗಳು ಮೂಗಿನ ಹತ್ತಿರವೇ ನಿಂತವು.

"ಎರಡು ರಾತ್ರಿ ಮಗೂಗೆ ಜ್ವರ, ನಾನು ಕಣ್ಣು ಮುಚ್ಚಿರಲಿಲ್ಲ. ಬೆಳಿಗ್ಗೆ ಅವಳನ್ನ ಬೆನ್ನಿಗೆ ಕಟ್ಕೊಂಡೇ ಕಂಡೋರ ಹೊಲ ಅಗೆದು ಬಂದಿದ್ದೆ. ಗಂಡ ಊರಲ್ಲಿರಲಿಲ್ಲ. ಅವಳಿಗೇ ಅಂತ ಗಂಜಿ ಇಟ್ಟಿದ್ದೆ. ಕೂತಲ್ಲೇ ಕಣ್ಣು ಮುಚ್ಚಿತು. ಮಗು ಸುಟ್ಟುಕೊಂಡಿತು. ನನ್ನ ಕಾವಲಲ್ಲಿದ್ದಾಗಲೇ ಸುಟ್ಟುಕೊಂಡಿತು, ಇಲ್ಲ ಅನ್ನಲ್ಲ. ಮೊದಲ ಶುಕ್ರವಾರವೇ ನಮ್ಮ ಗುಡ್ಡದಲ್ಲಿ ನಿಮ್ಮ ಮುಂದೆ ಹೇಳಿಕೊಂಡೆ. ಸ್ವಾಮಿ ಕ್ಷಮಿಸಿದ. ನೀವೇ ಕೈಯೆತ್ತಿ ಹಾಡಿದಿರಿ. ಮುಂದಿನ ಶುಕ್ರವಾರ ಮತ್ತೆ ಯಾಕೆ ಕೇಳಿದಿರಿ? ನಾನಾದರೂ ಮತ್ತೆ ಯಾಕೆ ಹೇಳಿದೆ?"

ಎಡಿನಾನ್ಸಿ ಹಾಡು ಎತ್ತಿದಳು. ಸಾಕ್ಷಿ ದಾರಿ ತಪ್ಪಿದರೆ ಹಾಡಿ ಕೂರಿಸುವುದು ಕೂಟದ ರೂಢಿ. ಅದಕ್ಕೆ ಬಗ್ಗದವರನ್ನು ಯಾರೂ ಕಂಡಿರಲಿಲ್ಲ. ಎಲ್ಲರೂ ದನಿಗೂಡಿಸಿದರು, ಡೋಲು ಮೊಳಗಿತು. ಜೆನಿನಾ ನಿಂತೇ ಇದ್ದಳು. ಹಾಡು ಮುಗಿಯಿತು, ಮತ್ತೆ ಮೊದಲಿನಿಂದ ಹಾಡಿದರು. ಡೋಲಿನವನು ಬೆವರು ಒರೆಸಿಕೊಂಡು ಮತ್ತೊಂದು ಸುತ್ತು ಬಾರಿಸಿದ. ಕೊನೆಗೆ ಒಂದೊಂದೇ ದನಿ ಉದುರಿ, ಎಡಿನಾನ್ಸಿ ಒಬ್ಬಳ ಗಂಟಲು ಉಳಿದು, ಅದೂ ಕೆಮ್ಮಾಗಿ ನಿಂತಿತು.

"ಮುಗೀತಾ?" ಎಂದಳು ಜೆನಿನಾ. "ನನ್ನದು ಮುಗಿದಿಲ್ಲ."

ಹಿಂದಿನ ಸಾಲಿನಲ್ಲಿ ಯಾವನೋ ಮುದುಕ ಕಿಸಕ್ಕನೆ ನಕ್ಕ.

"ಬೆಳೆ ಕಿತ್ತಾದ ಮೇಲೂ ಅದೇ ಸಾಲನ್ನ ಇಷ್ಟು ವರ್ಷ ಅಗೆದೆ. ಅಲ್ಲಿ ಏನೂ ಇಲ್ಲ. ಸ್ವಾಮಿ ಅವತ್ತೇ ನನ್ನ ಪಾಪ ಕಿತ್ತುಕೊಂಡು ಹೋಗಿದಾನೆ. ನಾನು ಮತ್ತೆ ಅಗೆಯೋದು ಅಂದ್ರೆ, 'ಸ್ವಾಮಿ, ನೀನು ಸುಳ್ಳು ಹೇಳ್ತೀಯ, ಇನ್ನೂ ಇಲ್ಲೇ ಇದೆ' ಅಂತ ಅವನ ಮುಖಕ್ಕೇ ಅಂದ ಹಾಗೆ. ಇವತ್ತು ಹೇಳಿಕೊಳ್ಳೋ ಪಾಪ ಅಂತ ಇದ್ರೆ ಅದೊಂದೇ. ಕ್ಷಮಿಸಿದೀನಿ ಅಂತ ಅವನು ಅಂದ, ನಾನು ನಂಬಲಿಲ್ಲ." ಅವಳು ಎಡಿನಾನ್ಸಿಯತ್ತ ತಿರುಗಿದಳು. "ಇನ್ನು ನಿದ್ದೆ ವಿಷಯ. ಅವನೂ ದೋಣಿಲಿ ನಿದ್ದೆ ಮಾಡಿದ. ನೀರು ನುಗ್ತಿತ್ತು, ಜೊತೆಗಿದ್ದೋರು ಸಾಯ್ತೀವಿ ಅಂತ ಬಡ್ಕೊಂಡು ಎಬ್ಬಿಸಿದ್ರು. ಎದ್ದ ಮೇಲೆ ಅವನನ್ನ ಯಾರಾದ್ರೂ ಎದುರಿಗೆ ನಿಲ್ಲಿಸಿ, 'ಸೋಮಾರಿತನ ನನ್ನನ್ನ ಗೆದ್ದಿತು ಅಂತ ಹೇಳು' ಅಂದ್ರಾ?"

"ಅಯ್ಯಯ್ಯೋ, ಸ್ವಾಮಿಗೇ ಸಮ ಮಾಡ್ಕೊಂಡಳಲ್ಲ!" ಎಂದು ಯಾರೋ ಕೂಗಿದರು.

"ಸಮ ಅಲ್ಲಮ್ಮ. ಅವನಿಗೆ ದಣಿವು ಅಂದ್ರೆ ಏನು ಅಂತ ಗೊತ್ತು ಅಂದೆ. ನಿಮಗಿಂತ ಚೆನ್ನಾಗಿ ಗೊತ್ತು. ಇನ್ಮೇಲೆ ಈ ಕಥೆ ನನ್ನ ಬಾಯಲ್ಲಿ ಬರಲ್ಲ. ಆ ಕೈ ನನ್ನದಲ್ಲ, ನನ್ನ ಮಗಳದು. ಬೇಕಾದ್ರೆ ಅವಳು ಹೇಳ್ತಾಳೆ, ಬೇಡವಾದ್ರೆ ಬಿಡ್ತಾಳೆ."

ಕೂತಳು. ಯಾರೂ ಹಾಡಲಿಲ್ಲ, ಯಾರೂ ಬಂದು ಅಪ್ಪಿಕೊಳ್ಳಲಿಲ್ಲ. ಮುಂದಿನ ಸಾಲಿನಿಂದ ಅವಳಿ ಮಕ್ಕಳ ಬಡಕಲು ತಾಯಿಯೊಬ್ಬಳು ಎದ್ದಳು. "ನನಗೂ ದಣಿವಾಗಿದೆ," ಎಂದಳು. ಅಷ್ಟು ಹೇಳಿ, ಮುಂದೆ ಏನು ಹೇಳಬೇಕೆಂದು ತಿಳಿಯದೆ ಹಾಗೇ ಕೂತುಬಿಟ್ಟಳು.

ಸಂಜೆ ದಡದಲ್ಲಿ ಅವರ ಗುಡ್ಡದ ಹೆಂಗಸರೆಲ್ಲ ಬೇರೆ ದೋಣಿಗೆ ಹತ್ತಿದರು. ಅಂಚು ನೀರಿಗೆ ತಾಗುವಷ್ಟು ತುಂಬಿದ್ದರೂ ಒಬ್ಬರೂ ಜೆನಿನಾಳ ದೋಣಿಯತ್ತ ಬರಲಿಲ್ಲ. ಎಡಿನಾನ್ಸಿ ಮಾತ್ರ ಬಂದು ಎದುರು ನಿಂತಳು. ಅವಳ ಕಣ್ಣು ಕೆಂಪಾಗಿತ್ತು.

"ಭಕ್ತಿ ಆರಿ ನಿನ್ನ ಮನಸ್ಸು ತಣ್ಣಗಾಗಿಬಿಟ್ಟಿದೆ ಕಣೆ ಜೆನಿನಾ. ನಿನ್ನ ಮಗೂನ ಈ ಬೆನ್ನ ಮೇಲೆ ಹೊತ್ತವಳು ನಾನು."

"ನೀವು ಹೊತ್ತಿದ್ದಕ್ಕೇ ಅವಳು ಉಳಿದಳು ಅಕ್ಕ. ಅದನ್ನ ಸಾಯೋವರೆಗೂ ಹೇಳ್ತೀನಿ. ಮನಸ್ಸು ತಣ್ಣಗಾಗಿದ್ರೆ ಆಗಲಿ ಬಿಡಿ, ಕುದ್ದು ಕುದ್ದು ಸಾಕಾಗಿತ್ತು."

"ಶುಕ್ರವಾರ ಬರ್ತೀಯೋ ಇಲ್ವೋ?"

"ಯಾಕೆ ಬರಲ್ಲ? ಹಾಡೋಕೆ ಬರ್ತೀನಿ. ನೀವು ಬೇಡ ಅಂದ್ರೂ ಬರ್ತೀನಿ."

ಎಡಿನಾನ್ಸಿ ತುಂಬಿದ ದೋಣಿಯ ಕಡೆ ನಡೆದಳು.

ನಿನ್ಸೀಮ ಬಟ್ಟೆಯ ಗಂಟನ್ನು ದೋಣಿಯೊಳಗೆ ಎಸೆದು, ಮಗುವನ್ನು ಬೆನ್ನಿಗೆ ಇನ್ನಷ್ಟು ಬಿಗಿದುಕೊಂಡು, ದಡವನ್ನು ಕಾಲಿಂದ ತಳ್ಳಿದಳು. ಮುಂದೆ ಹೋದವರ ಹಾಡು ನೀರಿನ ಮೇಲೆ ತೇಲಿ ಬರುತ್ತಿತ್ತು. ಗಾಳಿ ಎದ್ದು ದೋಣಿ ಓಲಾಡತೊಡಗಿತು.

"ಕೊಡು ಇಲ್ಲಿ, ನಾನು ಹಾಕ್ತೀನಿ," ಎಂದಳು ಜೆನಿನಾ.

"ಕೂತ್ಕೊ ಅವ್ವ."

ಜೆನಿನಾ ಕೂತಳು, ಎಂದಿನಂತೆ ನೆಟ್ಟಗೆ. ಸ್ವಲ್ಪ ಹೊತ್ತಿಗೆ ತಲೆ ವಾಲಿತು. ಬೆಚ್ಚಿ ಎದ್ದು, "ಮಗು?" ಎಂದಳು.

"ನನ್ನ ಬೆನ್ನ ಮೇಲಿದಾನೆ. ಮಲಗು."

ಜೆನಿನಾ ಮಗಳ ಬೆನ್ನಿನತ್ತ ಒಮ್ಮೆ ನೋಡಿದಳು. ಆಮೇಲೆ ಬಟ್ಟೆಯ ಗಂಟನ್ನು ಹತ್ತಿರಕ್ಕೆ ಎಳೆದು ತಲೆಯಡಿಗಿಟ್ಟುಕೊಂಡು, ದೋಣಿಯ ಒಳಮೈಗೆ ಬೆನ್ನು ಕೊಟ್ಟು ಕಾಲು ಚಾಚಿದಳು. ಒಂದು ಅಲೆ ಬಂದು ಅವಳ ಕೆನ್ನೆಗೆ ನೀರು ಎರಚಿತು. ಅವಳಿಗೆ ಎಚ್ಚರವಾಗಲಿಲ್ಲ. ನಿನ್ಸೀಮ ಎಡತೋಳಿನ ಬಟ್ಟೆಯನ್ನು ಮೊಣಕೈಯ ಮೇಲಕ್ಕೆ ಮಡಚಿ, ನೀರು ಸಿಡಿಯದ ಹಾಗೆ ಮೆಲ್ಲಗೆ ಹುಟ್ಟು ಹಾಕತೊಡಗಿದಳು.