ಮೂರನೆಯ ತಪ್ಪು

ಜೋಸೆಫ್ ಒಂದು ಹೆಸರು ಓದಿದ, ನಿಂತ, ಇನ್ನೊಂದು ಹೆಸರು ಓದಿದ. ಚಂದ್ರಿಕಾ ರೆಕಾರ್ಡಿಂಗಿನ ಅದೇ ತುಣುಕನ್ನು ಹಿಂದಕ್ಕೆಳೆದು ಮತ್ತೆ ಕೇಳಿದಳು. "ಟೈಟಸ್ ಮಲುಕಿ." ಆಮೇಲೆ ಒಂದು ಸಣ್ಣ ಮೌನ. ಆಮೇಲೆ, "ರೂತ್ ನಫುಲಾ." ಆ ಮೌನದೊಳಗೆ, ತೂತು ಬಿದ್ದ ತಿದಿಯಿಂದ ಗಾಳಿ ಸೋರಿದಂತೆ, ತೀರ ಸಣ್ಣ ಸಿಳ್ಳು. ಮೂರನೆಯ ಸಲ ಕೇಳಿದಾಗಲೂ ಸಿಳ್ಳು ಅಲ್ಲೇ ಇತ್ತು.

ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಹನ್ನೆರಡಕ್ಕೆ ಎಲ್ಲ ಮುಚ್ಚಬೇಕಿತ್ತು. ಮುಂದಿನ ವರ್ಷದ ಗವರ್ನರ್ ಚುನಾವಣೆಗೆ ಪಕ್ಷದ ಟಿಕೆಟ್ಟು ಯಾರಿಗೆ ಎಂಬುದನ್ನು ಈ ಸಲ ಮತಪೆಟ್ಟಿಗೆ ಇಟ್ಟು ತೀರ್ಮಾನಿಸುತ್ತಿರಲಿಲ್ಲ. ಹಿಂದಿನ ಸಲ ಹಾಗೆ ಮಾಡಲು ಹೋಗಿ ಕುರ್ಚಿಗಳು ಹಾರಿ, ಪೆಟ್ಟಿಗೆಗಳು ಮಟಾಟು ವ್ಯಾನು ಹತ್ತಿ ಮಾಯವಾಗಿದ್ದವು. ಅದಕ್ಕೇ ನೈರೋಬಿಯ ಅಪ್ಪರ್ ಹಿಲ್‌ನ ಈ ಸಮೀಕ್ಷೆ ಕಂಪನಿಗೆ ಕೆಲಸ ಒಪ್ಪಿಸಿ, ಸದಸ್ಯರಿಗೆ ಫೋನು ಮಾಡಿ ಕೇಳಿ, ಯಾರು ಮುಂದಿದ್ದಾರೋ ಅವರೇ ಅಭ್ಯರ್ಥಿ ಎಂದು ಪಕ್ಷ ಹೇಳಿಬಿಟ್ಟಿತ್ತು. ಕಣದಲ್ಲಿ ಉಳಿದವರು ಇಬ್ಬರೇ: ಮಲುಕಿ ಮತ್ತು ನಫುಲಾ.

ಚಂದ್ರಿಕಾಳ ಕೆಲಸ ಕೇಳುವುದು. ಕರೆ ಮಾಡುವವರು ಮೂವತ್ತೆರಡು ಜನ. ಹತ್ತು ಕರೆಗಳಲ್ಲಿ ಒಂದನ್ನು ಅವಳು ಕಿವಿಗೆ ಹಾಕಿಕೊಳ್ಳುತ್ತಿದ್ದಳು. ಎರಡೂ ಹೆಸರುಗಳನ್ನು ಒಂದೇ ತೂಕದಲ್ಲಿ ಓದಬೇಕು, ಒಂದರ ಮೇಲೆ ಊರಬಾರದು, ಒಂದರ ಬಳಿಕ ಉತ್ತರಕ್ಕೆ ಕಾದವರಂತೆ ನಿಲ್ಲಬಾರದು. ಯಾರಲ್ಲಿ ಮೂರು ತಪ್ಪು ಸಿಕ್ಕಿತೋ ಅವರ ಅಷ್ಟೂ ಕರೆಗಳು ಕಸಕ್ಕೆ. ಅವಳ ಮಾತಿನ ಮೇಲೆ ಮೇಲ್ಮನವಿ ಇರಲಿಲ್ಲ. ಏಳು ವರ್ಷದಲ್ಲಿ ಅಂಥದ್ದು ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಕೆಲಸಕ್ಕೆ ಸೇರುವ ಬಹಳ ಮೊದಲೇ ಆ ಕಿವಿ ತಯಾರಾಗಿತ್ತು. ಮೈಸೂರಿನಲ್ಲಿ ಅಪ್ಪ ಕಾವ್ಯ ವಾಚನ ಮಾಡುತ್ತಿದ್ದರು. ಅರ್ಥ ಹೇಳುವವರು ಬಾರದ ದಿನ ಹತ್ತು ವರ್ಷದ ಮಗಳನ್ನೇ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದರು. ಅವರು ನಿಂತಾಗ ಇವಳು ಅರ್ಥ ಹೇಳಬೇಕು. ಮೊದಮೊದಲು ನಿಂತಲ್ಲೆಲ್ಲ ಬಾಯಿ ಹಾಕುತ್ತಿದ್ದಳು. "ಉಸಿರಿಗೆ ನಿಲ್ಲೋದು ಬೇರೆ, ಅರ್ಥಕ್ಕೆ ನಿಲ್ಲೋದು ಬೇರೆ ಪುಟ್ಟಿ. ಕಣ್ಮುಚ್ಕೊಂಡು ಕೇಳು, ಗೊತ್ತಾಗತ್ತೆ" ಎಂದಿದ್ದರು ಅಪ್ಪ. ಗೊತ್ತಾಯಿತು. ಆಮೇಲೆಂದೂ ತಪ್ಪಲಿಲ್ಲ. ಮದುವೆಯಾಗಿ ಬಂದರೆ ಗಂಡ ಗೋವಿಂದನೂ ಓದುವವನೇ. ಇಂಜಿನಿಯರು; ಬೆಂಗಳೂರಿನ ಕಂಪನಿ ನೈರೋಬಿಗೆ ಕಳಿಸಿದಾಗ ಸೂಟ್‌ಕೇಸಿನಲ್ಲಿ ಎಲ್ಲಕ್ಕಿಂತ ಕೆಳಗೆ ಕಾವ್ಯದ ದಪ್ಪ ಪುಸ್ತಕ ಇಟ್ಟುಕೊಂಡಿದ್ದ. ಪ್ರತಿ ಶನಿವಾರ ಬೆಳಿಗ್ಗೆ ಕಿಲೆಲೆಶ್ವಾದ ಫ್ಲ್ಯಾಟಿನಲ್ಲಿ ಅವನು ಓದುವುದು, ಇವಳು ಅರ್ಥ ಹೇಳುವುದು. ಕೇಳುವವರು ಇಲ್ಲದಿದ್ದರೆ ದೇವರ ಮುಂದಿನ ದೀಪಕ್ಕೇ ಹೇಳುವುದು.

ಅದು ನಿಂತು ನಾಲ್ಕು ವರ್ಷವಾಗಿತ್ತು.

ತಾನು ನೋಡಿಕೊಳ್ಳುತ್ತಿದ್ದ ಏಳಂತಸ್ತಿನ ಕಟ್ಟಡವೊಂದರ ಕಂಬಗಳು ಸಾಲವು, ಇನ್ನೆರಡು ಅಂತಸ್ತು ಏರಿಸಬೇಡಿ ಎಂದು ಗೋವಿಂದ ಕೌಂಟಿ ಕಚೇರಿಗೆ ಮೂರು ಪತ್ರ ಬರೆದಿದ್ದ. ಮೂರೂ ಹೋಗಿ ಕೂತದ್ದು ಆಗ ಕಟ್ಟಡ ವಿಭಾಗದ ಮುಖ್ಯಸ್ಥನಾಗಿದ್ದ ಟೈಟಸ್ ಮಲುಕಿಯ ಮೇಜಿನ ಮೇಲೆ. ಒಂಬತ್ತಂತಸ್ತಾದ ಕಟ್ಟಡ ಒಂದು ಮಧ್ಯಾಹ್ನ ಕುಸಿದು ನಾಲ್ವರು ಸತ್ತರು. ಮಲುಕಿ ಹಳದಿ ಹೆಲ್ಮೆಟ್ಟು ಹಾಕಿಕೊಂಡು ಅವಶೇಷದ ಮೇಲೆ ನಿಂತ. ಕ್ಯಾಮೆರಾಗಳ ಮುಂದೆ ಒಂದು ಫೈಲು ಎತ್ತಿ ಹಿಡಿದು, ಹೊಣೆಗಾರ ಎಂಬ ಜಾಗದಲ್ಲಿದ್ದ ಒಂದೇ ಒಂದು ಹೆಸರನ್ನು ಬಿಡಿಸಿ ಬಿಡಿಸಿ ಓದಿದ. ಅತಿಥಿಯಾಗಿ ಬಂದವನು ನಮ್ಮ ಮನೆಯ ಬುಡ ಅಗೆದ ಎಂದ. ಪತ್ರಗಳು ಫೈಲಿನಲ್ಲಿ ಇರಲಿಲ್ಲ. ಗೋವಿಂದ ಹನ್ನೊಂದು ದಿನ ಲಾಕಪ್ಪಿನಲ್ಲಿದ್ದ. ಎರಡು ವರ್ಷಕ್ಕೆ ಕೇಸು ಬಿದ್ದುಹೋಯಿತು. ಬಿದ್ದ ಹೆಸರು ಏಳಲಿಲ್ಲ.

ಲಾಕಪ್ಪಿನಿಂದ ಬಿಟ್ಟ ಬಳಿಕದ ಯುಗಾದಿಗೆ ರಿವರ್‌ಸೈಡಿನ ಒಬ್ಬರ ಮನೆಯಲ್ಲಿ ಕನ್ನಡದವರ ಊಟವಿತ್ತು. ಒತ್ತಾಯ ಮಾಡಿ ಗೋವಿಂದನನ್ನು ಕರೆದುಕೊಂಡು ಹೋಗಿದ್ದಳು. ಟೆಲಿಕಾಂನ ಸೀನು ಎಲ್ಲರೆದುರಿಗೆ ಕೂಗಿ ಹೇಳಿದ: "ಗೋವಿಂದಣ್ಣ, ಈ ಬಾಲ್ಕನಿ ಹತ್ತು ಜನಾನ ತಡ್ಕೊಳತ್ತಾ ಸ್ವಲ್ಪ ನೋಡಿ ಹೇಳಿ. ನೀವೊಂದು ಸರ್ಟಿಫಿಕೇಟ್ ಕೊಟ್ರೆ ನಾವು ಒಳಗಡೇನೇ ಕೂತ್ಕೋತೀವಿ." ಎಲ್ಲರೂ ನಕ್ಕರು. ಗೋವಿಂದನೂ ನಕ್ಕ. ಬಡಿಸಿದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ. ಮುಂದಿನ ಶನಿವಾರ ಪುಸ್ತಕ ಬೀರುವಿನ ನೆತ್ತಿಗೆ ಹೋಯಿತು. ಚಂದ್ರಿಕಾ ಸೀನುವನ್ನು ಕ್ಷಮಿಸಿಬಿಟ್ಟಳು. ಅವನು ಬರೀ ಬಾಯಿ. ಮಲುಕಿಯನ್ನು ಮಾತ್ರ ದಿನಾ ದೀಪ ಹಚ್ಚುವಾಗ ನೆನೆಯುತ್ತಿದ್ದಳು. ಬೇರೆಯವರು ಮಕ್ಕಳ ಹೆಸರು ಹೇಳಿ ಬೇಡಿಕೊಳ್ಳುವಂತೆ, ಅಷ್ಟೇ ಶ್ರದ್ಧೆಯಿಂದ, ಅವನ ಹೆಸರು ಹೇಳಿ ಬೇಡಿಕೊಳ್ಳುತ್ತಿದ್ದಳು.

ಈ ಸಮೀಕ್ಷೆ ಶುರುವಾದಾಗ, ತನಗೆ ಯಾವ ಅಭ್ಯರ್ಥಿಯ ಸಂಬಂಧವೂ ಇಲ್ಲ ಎಂಬ ಕಾಗದಕ್ಕೆ ಎಲ್ಲರಂತೆ ಅವಳೂ ಸಹಿ ಹಾಕಿದಳು.

ಬೆಳಿಗ್ಗೆ ಮೇಲ್ವಿಚಾರಕಿ ಗ್ಲೋರಿಯಾ ಚಹಾದ ಲೋಟ ಹಿಡಿದು ಅವಳ ಮೇಜಿಗೊರಗಿ ನಿಂತಿದ್ದಳು. ಮಲುಕಿ ಒಂದು ಪರ್ಸೆಂಟಿಗೂ ಕಡಿಮೆ ಅಂತರದಲ್ಲಿ ಮುಂದಿದ್ದಾನೆ, ಅವನನ್ನು ಎತ್ತಿ ಹಿಡಿದಿರುವುದೇ ಡಾಂಡೋರಾ ಕಡೆಯ ಕರೆಗಳು ಎಂದು ಹೇಳಬಾರದ ಮಾತನ್ನು ಹೇಳಿಹೋದಳು. ಡಾಂಡೋರಾದ ಕರೆಗಳೆಲ್ಲ ಜೋಸೆಫನವು. ಅವನು ಅಲ್ಲಿಯವನೇ. ನಲವತ್ತೈದು ದಾಟಿದವನು, ಭಾನುವಾರ ಚರ್ಚಿನಲ್ಲಿ ಗ್ರಂಥ ಓದುವವನು. ಮೂವತ್ತೆರಡು ಜನರಲ್ಲಿ ಚಂದ್ರಿಕಾ ಖುಷಿಯಿಂದ ಕೇಳುತ್ತಿದ್ದುದು ಅವನೊಬ್ಬನ ದನಿಯನ್ನು. ಅಲ್ಲಿನ ಕಸದ ಗುಡ್ಡದ ಹೊಗೆ ಕುಡಿದು ಬೆಳೆದದ್ದರಿಂದ ಅವನಿಗೆ ಉಬ್ಬಸ. ಮೇಜಿನ ಮೇಲೆ ಯಾವಾಗಲೂ ನೀಲಿ ಪಂಪು ಇರುತ್ತಿತ್ತು.

ಅವನ ಎರಡು ತಪ್ಪು ಆಗಲೇ ಸಿಕ್ಕಿದ್ದವು. ಎರಡೂ ನಿಜವಾದವು. ಒಂದು ಕಡೆ ಯಾರೋ ಮುದುಕಿಯ ಜೊತೆ ನಗುತ್ತ, ಮಲುಕಿ ನಿಮ್ಮ ಕಡೆಯವನೇ ಅಲ್ಲವಾ ಮಾಮಾ ಎಂದಿದ್ದ; ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ. ಇನ್ನೊಂದು ಕಡೆ, ಕರೆಯಿಂದ ಕರೆಗೆ ಹೆಸರುಗಳ ಸರದಿ ಬದಲಿಸಬೇಕಾದದ್ದನ್ನು ಮರೆತಿದ್ದ. ಈಗ ಇದು.

ಚಂದ್ರಿಕಾ ಕಣ್ಣು ಮುಚ್ಚಿ ನಾಲ್ಕನೆಯ ಸಲ ಕೇಳಿದಳು. ಮಲುಕಿ. ಸಿಳ್ಳು. ನಫುಲಾ. ಉಸಿರಿಗೆ ನಿಂತಿದ್ದ. ಹತ್ತು ವರ್ಷದ ಹುಡುಗಿಯನ್ನು ಕೂರಿಸಿ ಕೇಳಿಸಿದರೂ ಹೇಳುತ್ತಿದ್ದಳು. ಅವಳು ಕಣ್ಣು ತೆರೆದು, ತಪ್ಪಿನ ಬಗೆ ಎಂಬಲ್ಲಿ "ಉತ್ತರಕ್ಕಾಗಿ ನಿಲುಗಡೆ" ಎಂಬುದನ್ನು ಒತ್ತಿದಳು. ಕೆಳಗೆ ಹೊಣೆಗಾರ ಎಂಬ ಜಾಗವಿತ್ತು. ಅಲ್ಲಿ ಜೋಸೆಫನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಒತ್ತುವಾಗ ಅವಳ ಬಾಯಲ್ಲಿ ಏನೋ ಸಿಹಿ ಊರಿತು. ನಾಲ್ಕು ವರ್ಷದಿಂದ ನಾಲಿಗೆ ಮರೆತಿದ್ದ ರುಚಿ. ಪರದೆಯ ಮೇಲೆ ನೂರೆಂಬತ್ತು ಕರೆಗಳು ಬೂದು ಬಣ್ಣಕ್ಕೆ ತಿರುಗಿದವು.

ಮೂರು ಗಂಟೆಗೆ ಲಿಫ್ಟಿನ ಮುಂದೆ ಜೋಸೆಫ್ ಸಿಕ್ಕಿದ. ಕೊರಳಿನ ಗುರುತಿನ ಚೀಟಿ ತೆಗೆದಿದ್ದ. ಕಂಪನಿ ಇನ್ನು ಅವನನ್ನು ಕರೆಯುವುದಿಲ್ಲ ಎಂದು ಗ್ಲೋರಿಯಾ ಹೇಳಿಯಾಗಿತ್ತು. ಚಂದ್ರಿಕಾ ಮೆಟ್ಟಿಲ ಕಡೆ ತಿರುಗುವಷ್ಟರಲ್ಲಿ ಅವನು ಸ್ವಾಹಿಲಿಯಲ್ಲಿ ಮೆಲ್ಲಗೆ ಮಾತಾಡಿದ.

"ಮಾಮಾ, ಮೊದಲಿನ ಎರಡು ನನಗೆ ಗೊತ್ತು. ಮೂರನೆಯದು ಯಾವುದು?"

"ಹೆಸರು ಓದಿದ ಮೇಲೆ ನಿಂತೆ. ಮಲುಕಿ ಹೆಸರು ಆದಮೇಲೆ."

ಅವನು ಯೋಚಿಸಿದ. ಅಂಗಿಯ ಜೇಬಿನಲ್ಲಿದ್ದ ಪಂಪನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ.

"ಉಸಿರಿಗೆ ನಿಂತೆ ಅಂದುಕೊಂಡಿದ್ದೆ. ಒಳಗೊಳಗೆ ಬೇರೆ ಏನೋ ಇತ್ತೇನೋ. ನಿಮ್ಮ ಕಿವಿ ತಪ್ಪೋದಿಲ್ಲ." ಲಿಫ್ಟು ಬಂತು. "ಸವಾ. ಅಸಾಂಟೆ, ಮಾಮಾ." ಸರಿ, ಉಪಕಾರವಾಯಿತು ಎಂದು ಹೇಳಿ ಒಳಗೆ ಹೋದ.

ಬಾಗಿಲು ಮುಚ್ಚಿತು. ಚಂದ್ರಿಕಾ ಒಂಬತ್ತು ಮಹಡಿಗಳನ್ನೂ ಮೆಟ್ಟಿಲಲ್ಲೇ ಇಳಿದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಟಿವಿಯಲ್ಲಿ ಪಕ್ಷದವರು ಬಂದು ರೂತ್ ನಫುಲಾ ಹೆಸರು ಹೇಳಿದರು. ಗೆಲುವಿನ ಅಂತರ ಅರ್ಧ ಪರ್ಸೆಂಟು. ಆಮೇಲೆ ಮಲುಕಿಯನ್ನು ತೋರಿಸಿದರು. ಪಕ್ಷದ ಕಚೇರಿಯ ಗೇಟಿನ ಹೊರಗೆ, ಬಿಸಿಲಲ್ಲಿ, ಕೊರಳಪಟ್ಟಿ ಬಿಚ್ಚಿಕೊಂಡು ನಿಂತಿದ್ದ. ವರದಿ ತೋರಿಸಿ, ನನ್ನ ಕರೆಗಳು ಎಲ್ಲಿ ಹೋದವು ತೋರಿಸಿ ಎಂದು ಕೇಳುತ್ತಿದ್ದ. ಒಳಗಿನಿಂದ ಯಾರೂ ಬರಲಿಲ್ಲ. ಕಾವಲಿನವನು ಗೇಟು ಎಳೆದುಕೊಂಡ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದೇ ನಿಂತಿದ್ದ ಚಂದ್ರಿಕಾ ಆ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದಳು. ಸಾರು ಉಕ್ಕಿ ಒಲೆ ಆರಿದ್ದೂ ತಿಳಿಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ತೋರಿಸಲಿ, ಬೆವರು ಒರೆಸಿಕೊಳ್ಳುವುದನ್ನೂ ತೋರಿಸಲಿ ಎಂದುಕೊಂಡಳು. ತೋರಿಸಿದರು.

ಗೋವಿಂದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದ.

"ಇದು ನಿಮ್ಮ ಆಫೀಸಿಂದ ಬಂದಿದ್ದಾ?"

"ಹೂಂ ರೀ."

"ಸರಿಯಾಗಿ ಮಾಡಿದ್ರಾ? ಆಮೇಲೆ ಯಾರಾದ್ರೂ ಬೆರಳು ತೋರ್ಸೋ ಹಾಗಿಲ್ಲ ತಾನೆ?"

"ನಾನೇ ಕೇಳಿದೀನಿ" ಎಂದಳು ಚಂದ್ರಿಕಾ.

ಅವನಿಗೆ ಅಷ್ಟು ಸಾಕಾಯಿತು. ಟಿವಿ ಆರಿಸಿದ. ಕೈಕಾಲು ತೊಳೆದುಕೊಂಡು ಬಂದ. ಸ್ಟೂಲು ಹಾಕಿಕೊಂಡು ಬೀರುವಿನ ನೆತ್ತಿಯಿಂದ ಪುಸ್ತಕ ಇಳಿಸಿ, ಪಂಚೆಯ ಅಂಚಿನಿಂದ ಧೂಳು ಒರೆಸಿದ. "ಬಾ ಚಂದ್ರೀ, ಕೂತ್ಕೋ" ಎಂದ. ನಾಲ್ಕು ವರ್ಷದಿಂದ ಅವಳು ಕಾದದ್ದು ಈ ಮಾತಿಗೇ. ದೀಪಕ್ಕೆ ಎಣ್ಣೆ ಹಾಕಿ ಅವನ ಎಡಕ್ಕೆ, ತನ್ನ ಹಳೆಯ ಜಾಗದಲ್ಲಿ ಕೂತಳು.

ಅವನು ಗಂಟಲು ಸರಿ ಮಾಡಿಕೊಂಡು ಎತ್ತಿದ. ದನಿಗೆ ತುಕ್ಕು ಹಿಡಿದಿತ್ತು. ಮೊದಲ ಸಾಲು ಒರಟೊರಟಾಗಿ ಹೊರಟು, ಎರಡನೆಯದರಲ್ಲಿ ರಾಗಕ್ಕೆ ಬಂತು. ಕೆಳಗೆ ರಸ್ತೆಯಲ್ಲಿ ನಫುಲಾ ಕಡೆಯವರ ಲಾರಿಯೊಂದು ಹಾರ್ನು ಹೊಡೆಯುತ್ತ ಹೋಯಿತು. ಅವನು ಓದುತ್ತಲೇ ಇದ್ದ. ಮೂರನೆಯ ಸಾಲಿನ ನಡುವೆ ಒಂದು ಹೆಸರು ಬಂತು. ಅದನ್ನು ಓದಿ ನಿಂತ.

ಚಂದ್ರಿಕಾ ಅರ್ಥ ಹೇಳಲು ಬಾಯಿ ತೆರೆದಳು, ಮುಚ್ಚಿದಳು. ಉಸಿರಿಗೆ ನಿಂತನೋ, ಅರ್ಥಕ್ಕೆ ನಿಂತನೋ. ಕಣ್ಣು ಮುಚ್ಚಿ ಕೇಳಿದಳು. ಕೋಣೆಯೊಳಗೆ ಎಲ್ಲೋ ತೀರ ಸಣ್ಣಗೆ ಗಾಳಿ ಸಿಳ್ಳು ಹಾಕುತ್ತಿತ್ತು. ಕಿಟಕಿಯದೋ, ಅವನ ಎದೆಯದೋ, ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಅವನು ಇವಳ ಕಡೆ ನೋಡುತ್ತಿದ್ದ, ಬೆರಳನ್ನು ಪುಟದ ಮೇಲೆ ಆ ಹೆಸರಿನ ಕೆಳಗೇ ಇಟ್ಟುಕೊಂಡು.