ಡೀಪ್ ಮಿಡ್‌ವಿಕೆಟ್‌ನ ಖಾಲಿ ಜಾಗ

ಡೊಂಬಿವಲಿಯ ಅಪ್ಪಾಸಾಹೇಬರ ಕ್ರಿಕೆಟ್ ತಂಡ ೧೯೭೯ರ ಹೊತ್ತಿಗೆ ಆರು ಸಲ ಶೀಲ್ಡ್ ಗೆದ್ದಿತ್ತು. ನಾಯಕರ ತಲೆಯಲ್ಲಿ ಎದುರಾಳಿಗಳ ಜಾತಕವೇ ಇದೆ ಎಂದು ಕಲ್ಯಾಣದಿಂದ ಠಾಣೆಯವರೆಗೆ ಮಾತಿತ್ತು. ಜಾತಕ ಇದ್ದದ್ದು ತಲೆಯಲ್ಲಲ್ಲ, ಅಂಗಡಿಯಲ್ಲಿ. ಅಥಣಿಯಿಂದ ಬಂದು, ಸ್ಟೇಷನ್ ಹಿಂದಿನ ತಗಡಿನ ಶೆಡ್ಡಿನಲ್ಲಿ ಬ್ಯಾಟು, ಪ್ಯಾಡು ತಯಾರಿಸುತ್ತಿದ್ದ ಅವರು ಗಿರಾಕಿಗೆ ಮೊದಲು ಚಹಾ ಕೊಟ್ಟು, ಆಮೇಲೆ "ಯಾವ ಚೆಂಡು ತ್ರಾಸ ಕೊಡ್ತದ?" ಎಂದು ಕೇಳುತ್ತಿದ್ದರು. ಡಾಕ್ಟರಿಗೆ ಹೇಳದ್ದನ್ನೂ ಬ್ಯಾಟ್ಸ್‌ಮನ್‌ಗಳು ಅಲ್ಲಿ ಹೇಳುತ್ತಿದ್ದರು. ಅದಕ್ಕೆ ತಕ್ಕಂತೆ ಅವರು ಮರ ಕೆತ್ತುತ್ತಿದ್ದರು. ಭಾನುವಾರದ ಪಂದ್ಯದಲ್ಲಿ, ಅದಕ್ಕೆ ತಕ್ಕಂತೆಯೇ ಫೀಲ್ಡರುಗಳನ್ನೂ ನಿಲ್ಲಿಸುತ್ತಿದ್ದರು. ಎರಡಕ್ಕೂ ಸಂಬಂಧವಿದೆ ಎಂದು ಅವರಿಗೆ ಹೊಳೆದಿರಲಿಲ್ಲ. ಹೆಂಡತಿ ಸುಶೀಲಾಬಾಯಿಗೆ ಹೊಳೆಯಿತು.

"ಮಂದಿ ನಿಮ್ಮ ಮುಂದ ಮನಸ ಬಿಚ್ಚತಾರ, ನೀವು ಅವರನ್ನ ಔಟ್ ಮಾಡತೀರಿ," ಎಂದರು ರೊಟ್ಟಿ ಬಡಿಯುತ್ತಾ.

"ಅಂದ್ರ ನನ್ನ ಕ್ಯಾಪ್ಟನ್ಸಿ?"

"ಎಲ್ಲಾ ನನ್ನ ಚಹಾದ್ದು."

ಫೈನಲ್‌ಗೆ ಹತ್ತು ದಿನವಿರುವಾಗ ಎದುರಾಳಿ ಠಾಣೆ ತಂಡದ ಬ್ಯಾಟ್ಸ್‌ಮನ್ ಗುಣಪಾಲ ಮೊದಲ ಸಲ ಅಂಗಡಿಗೆ ಬಂದ. ಕೇಳದೆ ಒಳ್ಳೆಯ ಬ್ಯಾಟು ಮಾಡಲಾಗದು; ಕೇಳಿದರೆ ಗೆಲುವಿಗೆ ಮರ್ಯಾದೆ ಉಳಿಯದು. ಅಪ್ಪಾಸಾಹೇಬರು ಎರಡು ಕಪ್ ಚಹಾ ಮುಗಿಯುವ ತನಕ ತಡೆದುಕೊಂಡರು. ಆಮೇಲೆ ಕೇಳಿದರು.

"ಪುಲ್ ಹೊಡೆದ್ರೆ ಚೆಂಡು ಮೇಲೆ ಹೋಗ್ತದೆ ಮಾರಾಯ್ರೆ, ಡೀಪ್ ಮಿಡ್‌ವಿಕೆಟಿಗೆ. ಅಲ್ಲಿ ಒಬ್ಬ ನಿಂತ್ರೆ ನನ್ನ ಕಥೆ ಮುಗೀತು. ಯಾರಿಗೂ ಹೇಳ್ಬೇಡಿ."

"ಹೇಳೂದಿಲ್ಲ."

ಹೇಳಲಿಲ್ಲ. ತುದಿಯ ಭಾರ ತೆಗೆದು, ಮನಸ್ಸಿಟ್ಟು ಬ್ಯಾಟು ಮಾಡಿಕೊಟ್ಟರು. ಫೈನಲ್ ದಿನ ಕಲ್ಯಾಣದ ಮೈದಾನದಲ್ಲಿ ಉಪನಾಯಕ ಕುಶಲನನ್ನು ಕರೆದು, "ಇವತ್ತು ಫೀಲ್ಡಿಂಗ್ ನೀನ ಹಚ್ಚು, ನನಗೇನೂ ಕೇಳಬ್ಯಾಡ" ಎಂದರು.

"ಜ್ವರ ಉಂಟಾ?"

"ಐತಿ ಅಂತ ತಿಳಕೋ."

ಅವರು ಲಾಂಗ್‌ಆನ್‌ಗೆ ಹೋಗಿ ನಿಂತರು. ಕುಶಲ ಡೀಪ್ ಮಿಡ್‌ವಿಕೆಟ್ ಖಾಲಿ ಬಿಟ್ಟ. ಗುಣಪಾಲನ ಎರಡು ಪುಲ್‌ಗಳು ಮೇಲೆ ಹೋಗಿ ನಿಧಾನವಾಗಿ ಅಲ್ಲೇ ಬಿದ್ದವು. ಅಪ್ಪಾಸಾಹೇಬರು ತುಟಿ ಕಚ್ಚಿಕೊಂಡರು. ಠಾಣೆಗೆ ಇನ್ನು ನಾಲ್ಕೇ ರನ್ ಬೇಕಿದ್ದಾಗ, ತಾವು ಲಾಂಗ್‌ಆನ್‌ನಿಂದ ಇಪ್ಪತ್ತು ಹೆಜ್ಜೆ ಸರಿದು ಆ ಖಾಲಿ ಜಾಗದಲ್ಲೇ ನಿಂತಿರುವುದು ಅವರ ಗಮನಕ್ಕೆ ಬಂತು. ಬಾಯಿ ಹೇಳಿದ ಮಾತು ಕೇಳಿತ್ತು, ಕಾಲು ಕೇಳಿರಲಿಲ್ಲ. ಬೌಲರ್ ಓಡಿಬರುವ ಮೊದಲೇ ತಮ್ಮ ಜಾಗಕ್ಕೆ ವಾಪಸಾದರು.

ಚೆಂಡು ಶಾರ್ಟ್ ಪಿಚ್ ಬಿತ್ತು. ಗುಣಪಾಲ ಬೀಸಿದ. ಅದು ಅಪ್ಪಾಸಾಹೇಬರ ಬೂಟಿನ ಗುರುತಿನ ಮೇಲೇ ಬಿದ್ದು ಗಡಿ ದಾಟಿತು. ಶೀಲ್ಡ್ ಠಾಣೆಗೆ ಹೋಯಿತು.

ತಂಡಕ್ಕೆ ಬುತ್ತಿ ತಂದಿದ್ದ ಸುಶೀಲಾಬಾಯಿ ನೆರಳಿನಲ್ಲಿ ಕೂತು ಎಲ್ಲ ನೋಡಿದ್ದರು.

"ಅಲ್ಲೇ ನಿಂತಿದ್ರಲ್ಲ. ವಾಪಸ್ ಯಾಕ ಹೋದ್ರಿ?"

"ನೀನ ಅಂದಿದ್ದಿಯಲ್ಲ."

"ನಾ ಏನೋ ಅಂದೆ. ಇಪ್ಪತ್ತು ವರ್ಷದಾಗ ನನ್ನ ಒಂದ ಮಾತರ ಕೇಳಿದ್ರೇನು? ಇದನ್ನ ಕೇಳೂ ಜರೂರತ್ತೇನಿತ್ತು?"

ಬುತ್ತಿ ಬಿಚ್ಚಿ, ಎಂದೂ ಇಲ್ಲದಂತೆ ಮೊದಲ ರೊಟ್ಟಿ ಗಂಡನಿಗೇ ಕೊಟ್ಟರು. ದೂರದಲ್ಲಿ ಗುಣಪಾಲ ಬ್ಯಾಟನ್ನು ಟವೆಲಿನಿಂದ ಒರೆಸುತ್ತಿದ್ದ. ಅಪ್ಪಾಸಾಹೇಬರು ಅಗಿಯುವುದನ್ನು ನಿಲ್ಲಿಸಿ ಅದನ್ನೇ ನೋಡಿದರು.

"ಬ್ಯಾಟು ಮಾತ್ರ ಛಲೋ ಆಗೇತಿ."

"ಆಗೇತಿ. ತಿನ್ರಿ."