ಅದಿಯಮಾನ್‌ಕೋಟೆ ಇಳಿಯೋರು

ನಲ್ಲಂಪಳ್ಳಿ ದಾಟಿದ ಮೇಲೆ ಕಂಡಕ್ಟರ್ ಮುನುಸ್ವಾಮಿ ಬಸ್ಸಿನ ಹಿಂಬಾಗಿಲ ಕಂಬಿ ಹಿಡಿದು ಬಾಯಿ ತೆರೆದ. ದನಿ ಹೊರಡಲಿಲ್ಲ. ಒಳಗಿನಿಂದ ಯಾರೋ ಗಂಟಲು ಒತ್ತಿ ಹಿಡಿದಂತೆ 'ಅ' ಅಲ್ಲೇ ನಿಂತುಬಿಟ್ಟಿತು. ಅದಿಯಮಾನ್‌ಕೋಟೆಯ ಸ್ಟಾಪು ಬಂತು, ಬಸ್ಸು ನಿಂತಿತು, ದಾರಿ ಬಲ್ಲ ನಾಲ್ಕು ಜನ ತಾವಾಗಿಯೇ ಇಳಿದರು. "ಆಯ್ತಾ?" ಎಂದು ಮುಂದಿನಿಂದ ಡ್ರೈವರ್ ರಾಜಗೋಪಾಲ್ ಕೂಗಿದ. ಮುನುಸ್ವಾಮಿ ಸೀಟಿ ಊದಿದ. ಬಸ್ಸು ಹೊರಟಿತು.

ಧರ್ಮಪುರಿಯಲ್ಲಿ ಎಲ್ಲರೂ ಇಳಿದರೂ ಮೂರನೇ ಸಾಲಿನಲ್ಲಿ ಒಬ್ಬ ಮುದುಕಿ ಕೂತೇ ಇದ್ದಳು. ಒಂದು ಕಣ್ಣಿಗೆ ಹತ್ತಿ ಇಟ್ಟು ಹಸಿರು ಬಟ್ಟೆ ಕಟ್ಟಿತ್ತು. ಇನ್ನೊಂದರಲ್ಲಿ ಬಿಳಿ ಪೊರೆ. ಮಡಿಲಲ್ಲಿ ಸೇಲಂ ಆಸ್ಪತ್ರೆಯ ಚೀಟಿ, ಔಷಧಿಯ ಬಾಟಲಿ.

"ಕ್ವಾಟೆ ಬಂತೇನಪ್ಪಾ?"

"ಇ... ಇದು ಧ-ಧರ್ಮಪುರಿ, ಅವ್ವಾ."

"ಅಯ್ಯೋ! ಯಾಕ್ಲಾ ಕೂಗ್ಲಿಲ್ಲ? ಕಣ್ಣು ಕಾಣಾಕಿಲ್ಲ, ಅದಿಯಮಾನ್‌ಕ್ವಾಟೆ ಬಂದ್ರೆ ಕೂಗು ಅಂತ ಬಸ್ ಅತ್ತುವಾಗ್ಲೇ ಯೋಳಿದ್ನಲ್ಲಾ! ಅಲ್ಲಿ ನನ್ ಮಗಳು ರೋಡ್ನಾಗೆ ನಿಂತವ್ಳೆ."

ತಪ್ಪಾಯಿತು ಎನ್ನಲು ಹೋದ. ಅದೂ ಬರಲಿಲ್ಲ. ಅವಳ ಕೈ ಹಿಡಿದು ಇಳಿಸಿ, ಹಿಂದಕ್ಕೆ ಹೋಗುವ ಟೌನ್ ಬಸ್ಸಿಗೆ ಕರೆದೊಯ್ದ. ಎಲ್ಲಿಗೆ ಎಂದು ಆ ಕಂಡಕ್ಟರ್ ಕೇಳಿದಾಗ ಮುನುಸ್ವಾಮಿಯ ದವಡೆ ಮತ್ತೆ ಬಿಗಿಯಿತು. ಊರಿನ ಹೆಸರನ್ನು ಮುದುಕಿಯೇ ಹೇಳಿದಳು. ಹತ್ತಿ ಕೂತ ಮೇಲೆ ಕಿಟಕಿಯಿಂದ ಮುಖ ಹೊರಗೆ ಹಾಕಿ, "ಶನಿವಾರ ಕಟ್ಟು ಬಿಚ್ಚಿಸ್ಕೊಂಡು ಇದೇ ಬಸ್ನಾಗೆ ಬತ್ತೀನಿ. ದೊಡ್ಡಮುನಿಯಮ್ಮ ಅಂತ ಗೆಪ್ತಿ ಮಡಿಕ್ಕೊ," ಎಂದಳು.

ಅದು ತೊಂಬತ್ತಾರನೇ ಇಸವಿಯ ಜೂನ್ ತಿಂಗಳ ಒಂದು ಸೋಮವಾರ, ಕಂಡಕ್ಟರ್ ಕೆಲಸದಲ್ಲಿ ಮುನುಸ್ವಾಮಿಯ ಮೊದಲ ದಿನ. ಬಸ್ಸಿನ ಮಾಲೀಕರು, ಎಲ್ಲರೂ ಮೊದಲಾಳಿ ಎಂದು ಕರೆಯುವವರು, ಒಂದೇ ವಾರದ ಗಡುವು ಕೊಟ್ಟಿದ್ದರು. "ಒಂದು ವಾರ ಪಾಕ್ಲಾಂ, ನೋಡಾನ. ಜನ ಕಂಪ್ಲೇಂಟ್ ಮಾಡಿದ್ರೆ ನೀನು ಮಗ್ಗಕ್ಕೇ ಓಗ್ಬೇಕು," ಎಂದಿದ್ದರು.

ಸೇಲಂನ ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ ಹುಟ್ಟಿದ ಅವನಿಗೆ ಮಗ್ಗದ ಕೆಲಸ ಚೆನ್ನಾಗಿಯೇ ಬರುತ್ತಿತ್ತು. ಅದರ ಮುಂದೆ ಕೂತರೆ ದಿನವಿಡೀ ಯಾರೊಡನೆಯೂ ಮಾತಾಡಬೇಕಿಲ್ಲ, ನಿನಗೆ ಅದೇ ಸರಿ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅವನಿಗೆ ಬೇಕಾಗಿದ್ದುದು ಮಾತ್ರ ಬೇರೆ. ಬಸ್ಸಿನಲ್ಲಿ ಕಂಡಕ್ಟರ್ ಒಂದು ಊರಿನ ಹೆಸರು ಕೂಗುತ್ತಲೇ ತೂಕಡಿಸುತ್ತಿದ್ದವರೆಲ್ಲ ಎಚ್ಚೆತ್ತು ಗಂಟುಮೂಟೆ ಎತ್ತಿಕೊಳ್ಳುವುದನ್ನು ಅವನು ಚಿಕ್ಕಂದಿನಿಂದ ಬೆರಗಿನಿಂದ ನೋಡುತ್ತಿದ್ದ. ಲೈಸೆನ್ಸಿಗೆ ಹೋದಾಗ ಮೊದಲ ಸಲ ತನ್ನ ಹೆಸರನ್ನೇ ಹೇಳಲಾಗದೆ ವಾಪಸು ಬಂದಿದ್ದ. ಮರುವರ್ಷ ಮತ್ತೆ ಹೋಗಿ ಪಡೆದುಕೊಂಡ. ಆಮೇಲೆ ಮೂರು ವರ್ಷ ಒಬ್ಬೊಬ್ಬ ಮೊದಲಾಳಿಯ ಬಾಗಿಲಲ್ಲೂ ನಿಂತ.

ಆ ಮೂರು ವರ್ಷವೂ ಬೆಳಗಿನ ಐದಕ್ಕೆ ಅವನ ಮಗ್ಗ ಸದ್ದು ಮಾಡುತ್ತಿತ್ತು. ಲಾಳಿ ಒಮ್ಮೆ ಓಡಿದರೆ ಒಂದು ಅಕ್ಷರ. ಸೇಲಂನಿಂದ ಧರ್ಮಪುರಿಯವರೆಗಿನ ಸ್ಟಾಪುಗಳೆಲ್ಲ ಹೀಗೆ ಅಕ್ಷರ ಅಕ್ಷರವಾಗಿ ಅವನ ಬಾಯಿಂದ ಹೊರಬರುತ್ತಿದ್ದವು. ತಾಯಿ ಯಲ್ಲಮ್ಮ ಪಕ್ಕದಲ್ಲಿ ನೂಲು ಸುತ್ತುತ್ತ ಕೇಳುತ್ತಿದ್ದಳು. ಉಳಿದವರು ಕನಿಕರದಿಂದಲೋ ಅವಸರದಿಂದಲೋ ಅವನ ಅರ್ಧ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಅವಳು ಒಮ್ಮೆಯೂ ಹಾಗೆ ಮಾಡಿದವಳಲ್ಲ. ಜ್ವರ ಬಂದ ದಿನವೂ ಅವನು ಬಿಡಲಿಲ್ಲ, ಹಬ್ಬದ ದಿನವೂ ಬಿಡಲಿಲ್ಲ. ಓಮಲೂರಿನ 'ಓ'ಗೆ ತುಟಿ ದುಂಡಗೆ ಮಾಡಿದರೆ ಸಾಕು, ದನಿ ದಾರಿ ಹಿಡಿಯುತ್ತಿತ್ತು. ತೊಪ್ಪೂರಿಗೆ ನಾಲಗೆಗೆ ಒಂದು ಆಸರೆಯಿತ್ತು. ಅದಿಯಮಾನ್‌ಕೋಟೆಗೆ ಮಾತ್ರ ಹಿಡಿದುಕೊಳ್ಳಲು ಏನೂ ಇಲ್ಲ, ಬಾಯಿ ಬರಿದೇ ತೆರೆಯಬೇಕು.

ಆ ಸೋಮವಾರ ಟೀ ಅಂಗಡಿಯಲ್ಲಿ ರಾಜಗೋಪಾಲ್ ಅವನನ್ನು ಪಕ್ಕಕ್ಕೆ ಕರೆದ. ಅವನದೂ ಮನೆಮಾತು ಕನ್ನಡವೇ, ಆದರೆ ಇಪ್ಪತ್ತು ವರ್ಷದ ಡ್ರೈವರಿಕೆಯಲ್ಲಿ ತಮಿಳು ಅದರೊಳಗೆ ಸೇರಿಹೋಗಿತ್ತು.

"ಇದೋ ಪಾರು, ಇಲ್ನೋಡು ತಂಬಿ, ನೀನು ಟಿಕೆಟ್ ಕೊಡು. ಸ್ಟಾಪೆಲ್ಲಾ ನಾನೇ ಮುಂದ್ಗಡೆಯಿಂದ ಕೂಗ್ತೀನಿ. ಮೊದಲಾಳಿಗೆ ಯಾರ್ ಯೋಳ್ತಾರೆ? ನಿನ್ ಕೆಲ್ಸ ಉಳೀತೈತೆ."

ಮುನುಸ್ವಾಮಿ ಲೋಟ ಕೆಳಗಿಟ್ಟ. ಮಾತು ಹೊರಗೆ ಬರಲು ಹೊತ್ತು ಹಿಡಿಯಿತು.

"ಬ್ಯಾ... ಬ್ಯಾಡಣ್ಣಾ. ನಾ-ನಾನೇ ಕೂಗ್ಬೇಕು."

"ಅದೇನ್ಲಾ ಪಿಡಿವಾದ, ಹಟ? ವಾರಕ್ಕೆ ಮನೆಗೆ ಕಳಿಸ್ತಾರೆ."

"ಕ-ಕಳಿಸ್ಲಿ."

ರಾಜಗೋಪಾಲ್ ಬೀಡಿ ಎಸೆದು ಎದ್ದುಹೋದ.

ಮಂಗಳವಾರ ಮುನುಸ್ವಾಮಿ "ಕೋಟೆ, ಕೋಟೆ" ಎಂದಷ್ಟೇ ಕೂಗಿದ. ಯಾವ ಕೋಟೆ ಎಂದು ಯಾರೋ ಕೇಳಿದರು, ಸುತ್ತಲಿನವರು ನಕ್ಕರು. ಅಂದು ರಾತ್ರಿ ಊಟದ ಎಲೆಯ ಮುಂದೆ ಕೂತು ಅವನು ತನ್ನಷ್ಟಕ್ಕೇ ನಾಚಿಕೊಂಡ. ಕಷ್ಟದ ಅಕ್ಷರವನ್ನು ಬಿಟ್ಟು ಸುಲಭದ್ದನ್ನು ಹೇಳಿದ್ದು ಕಳ್ಳತನದಂತೆ ಕಂಡಿತು. ಬುಧವಾರ ಅವನಿಗೊಂದು ಉಪಾಯ ಹೊಳೆಯಿತು. ಆ ಮಾತು ಹುಟ್ಟಲು ಅಷ್ಟು ಹೊತ್ತು ಬೇಕೆಂದರೆ ಅಷ್ಟು ಮುಂಚೆಯೇ ಶುರುಮಾಡಬೇಕು! ಸ್ಟಾಪಿಗಿಂತ ಸುಮಾರು ಅರ್ಧ ಮೈಲಿ ಮೊದಲು ರಸ್ತೆಗೆ ಅಡ್ಡವಾಗಿ ಒಂದು ಮೋರಿ ಇತ್ತು. ಅದರ ಮೇಲೆ ಬಸ್ಸು ಕುಲುಕಿದ ಕೂಡಲೇ ಅವನು ಬಾಯಿ ತೆರೆದ. ಕಂಬಿಯ ಮೇಲೆ ಬೆರಳು ಕುಟ್ಟಿದ. ಕತ್ತಿನ ನರ ಉಬ್ಬಿತು. 'ಅ' ಬಂತು, ಅದರ ಹಿಂದೆಯೇ 'ದಿ'ಯೂ ಬಂತು. ಅಷ್ಟರಲ್ಲಿ ಒಬ್ಬ ಯುವಕ ಅವನ ದನಿಯನ್ನೇ ಅಣಕಿಸಿ ಇಡೀ ಹೆಸರನ್ನು ಕೂಗಿಬಿಟ್ಟ. ಬಸ್ಸೆಲ್ಲ ನಗು. ಗುರುವಾರ ಇನ್ನೂ ಇಬ್ಬರು ಅಣಕಿಸಿದರು. ಅವನು ಮಾತ್ರ ಎರಡೂ ದಿನ, ಧರ್ಮಪುರಿಗೆ ಹೋಗುವ ಪ್ರತಿ ಟ್ರಿಪ್ಪಿನಲ್ಲೂ, ಅದೇ ಮೋರಿಯ ಮೇಲೆ ಬಾಯಿ ತೆರೆದ. ಶುಕ್ರವಾರ ಸಂಜೆ ಮೊದಲಾಳಿಯ ಆಫೀಸಿನಿಂದ ಮಾತು ಬಂತು: ಇಬ್ಬರು ಕಂಪ್ಲೇಂಟ್ ಮಾಡಿದ್ದಾರೆ, ನಾಳೆ ಟ್ರಿಪ್ಪು ಮುಗಿಸಿ ಬಂದು ಕಾಣು.

ಶನಿವಾರ ಸೇಲಂನಲ್ಲಿ ದೊಡ್ಡಮುನಿಯಮ್ಮ ಹತ್ತಿದಳು. ಕಣ್ಣಿನ ಕಟ್ಟು ಬಿಚ್ಚಿತ್ತು, ನೀರು ಸುರಿಯುತ್ತಿತ್ತು. ಆ ಕಣ್ಣನ್ನು ಬಿಸಿಲಿಗೆ ಒಡ್ಡಬಾರದೆಂದು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಳು.

"ಅದೇ ಕಂಡಕ್ಟರೇನ್ಲಾ?"

"ಹೂ... ಹೂಂ ಅವ್ವಾ."

"ಈವತ್ತಾದ್ರೂ ಕೂಗು ಮತ್ತೆ."

ಮೋರಿ ಬಂತು. ಮುನುಸ್ವಾಮಿ ಬಾಯಿ ತೆರೆದ. ಒಂದು ಫರ್ಲಾಂಗು ಹೋಯಿತು, ಇನ್ನೊಂದು ಹೋಯಿತು. ಗಲ್ಲ ಅದುರುತ್ತಿತ್ತು. ನಡುವಿನ ಸೀಟಿನಿಂದ ಒಬ್ಬ, "ಅದಿಯ..." ಎಂದು ರಾಗ ಎಳೆಯತೊಡಗಿದ.

"ನಿನ್ನ ಕೇಳ್ದೋರ್ ಯಾರ್ಲಾ?" ದೊಡ್ಡಮುನಿಯಮ್ಮ ಗದರಿದಳು. "ಟಿಕೆಟ್ ಕೊಟ್ಟೋನು ಅವ್ನು. ಅವ್ನೇ ಯೋಳ್ಲಿ."

ಬಸ್ಸು ಸ್ಟಾಪಿನಲ್ಲಿ ನಿಂತಿತು. ಇಳಿಯಬೇಕಾದವರು ಎದ್ದು ನಿಂತಿದ್ದರು, ಆದರೆ ಮುದುಕಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದುದನ್ನು ನೋಡಿ ಅವರೂ ನಿಂತಲ್ಲೇ ನಿಂತರು. ಹಿಂದೆ ಲಾರಿಯೊಂದು ಹಾರ್ನ್ ಹೊಡೆಯಿತು. ರಾಜಗೋಪಾಲ್ ಹೊರಗೆ ಕೈ ತೂರಿಸಿ ಅದನ್ನು ಮುಂದಕ್ಕೆ ಬಿಟ್ಟ, ಎಂಜಿನ್ ಆಫ್ ಮಾಡಿದ.

ಆ ಮೌನದಲ್ಲಿ ಮುನುಸ್ವಾಮಿಯ ಗಂಟಲಿನಿಂದ ಅಕ್ಷರಗಳು ಒಂದೊಂದಾಗಿ ಹೊರಟವು. "ಅ... ದಿ... ಯ... ಮಾನ್... ಕೋಟೆ." ಮೊದಲು ತಮಿಳಿನಲ್ಲಿ ಇಳಿಯಲು ಹೇಳಿದ. ಆಮೇಲೆ ಮುದುಕಿಗೆಂದು ಕನ್ನಡದಲ್ಲಿ, "ಅದಿಯಮಾನ್‌ಕೋಟೆ ಇಳಿಯೋರು ಬನ್ನಿ," ಎಂದ. ಎರಡನೇ ಸಲ ಎಲ್ಲೂ ತಡೆಯಲಿಲ್ಲ.

ದೊಡ್ಡಮುನಿಯಮ್ಮ ಎದ್ದು, ಸೀಟು ಸೀಟು ತಡವಿಕೊಂಡು ಬಾಗಿಲಿಗೆ ಬಂದಳು. ಅವನ ತೋಳು ಹಿಡಿದು ಇಳಿಯುತ್ತ, "ಒಸಿ ಬಿರ್ನೆ ಯೋಳಾದು ಕಲ್ತ್ಕೊ. ಬಿಸ್ಲು ಸ್ಯಾನೆ ಐತೆ," ಎಂದಳು. ರಸ್ತೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಮಗಳು ನಕ್ಕಳು. ಮುನುಸ್ವಾಮಿಗೂ ನಗು ಬಂತು.

ಸಂಜೆ ಮೊದಲಾಳಿ ಅವನನ್ನು ಹೊರಗೆ ನಿಲ್ಲಿಸಿ ರಾಜಗೋಪಾಲನನ್ನು ಕೇಳಿದರು.

"ಎಷ್ಟು ಲೇಟು?"

"ನಾಲ್ಕು ನಿಮಿಷ, ಸಾರ್."

"ಜನ ಏನಂತವ್ರೆ?"

"ಬೈಯೋರು ಬೈತಾವ್ರೆ. ಸೋಮವಾರ ಒಬ್ರು ಸ್ಟಾಪ್ ತಪ್ಪಿದ್ರು. ಆಮೇಲೆ ಒಬ್ರೂ ತಪ್ಪಿಲ್ಲ." ಮತ್ತೆ ಸೇರಿಸಿದ: "ನಾಲ್ಕು ನಿಮಿಷ ಅಲ್ವಾ ಸಾರ್, ವಾಪಸ್ ಬರೋವಾಗ ಆ ತೊಪ್ಪೂರು ಘಾಟಿನಾಗೆ ನಾನು ಬಿರ್ನೆ ಓಡ್ಸಿ ಇಡ್ಕೊತೀನಿ."

ಮೊದಲಾಳಿ ಬಾಗಿಲಾಚೆ ನೋಡಿದರು. "ಸರಿ. ಇನ್ನೊಂದು ತಿಂಗಳು ಪಾಕ್ಲಾಂ."

ಆ ತಿಂಗಳು ಮುಗಿದು ಮತ್ತೊಂದು ಬಂತು. ತೊದಲು ಹೋಗಲಿಲ್ಲ. ಬೆಳಗಿನ ಐದರ ಅಭ್ಯಾಸವೂ ನಿಲ್ಲಲಿಲ್ಲ, ಬಸ್ಸು ಆರೂವರೆಗೆ ಹೊರಡುತ್ತಿದ್ದುದರಿಂದ ಅದು ನಾಲ್ಕಕ್ಕೆ ಸರಿಯಿತು. ದಿನಾ ಬರುವವರಿಗೆ ಅವನ ಬಾಯಿ ತೆರೆಯುವುದೇ ಗುರುತಾಯಿತು, ಆಗಲೇ ಚಪ್ಪಲಿ ಹುಡುಕಿ ಕಾಲಿಗೆ ಹಾಕಿಕೊಳ್ಳುತ್ತಿದ್ದರು. ಕೆಲವು ದಿನ ಹೆಸರು ಒಂದೇ ಉಸಿರಿಗೆ ಬಂದುಬಿಡುತ್ತಿತ್ತು. ಕೆಲವು ದಿನ ಮೋರಿಯಿಂದ ಸ್ಟಾಪಿನವರೆಗೂ ಬರುತ್ತಿರಲಿಲ್ಲ.

ಅಕ್ಟೋಬರ್ ಕೊನೆ, ತಮಿಳರ ಐಪ್ಪಸಿ ತಿಂಗಳ ಒಂದು ಮಧ್ಯಾಹ್ನ ತೊಪ್ಪೂರು ಘಾಟಿಯಲ್ಲಿ ಮಳೆ ಹಿಡಿದುಕೊಂಡಿತು. ಎರಡೂ ಕಡೆ ಕಿಟಕಿಯ ಷಟರ್‌ಗಳನ್ನು ಇಳಿಸಿದರು. ಬಸ್ಸಿನೊಳಗೆ ಮಬ್ಬು ಕವಿಯಿತು. ಒದ್ದೆ ಬಟ್ಟೆಯ ವಾಸನೆ, ತಗಡಿನ ಮೇಲೆ ಮಳೆಯ ಹೊಡೆತ. ನಲ್ಲಂಪಳ್ಳಿ ಹೋಯಿತೋ ಇಲ್ಲವೋ, ಹೊರಗೆ ಊರಿದೆಯೋ ಬಯಲಿದೆಯೋ ಯಾರಿಗೂ ತಿಳಿಯಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡಿದ್ದವಳು, ಮದುವೆಗೆ ಹೊರಟಿದ್ದ ಹೊಸ ಷರಟಿನವನು, ಬುತ್ತಿಯ ಡಬ್ಬ ಹಿಡಿದ ಮೇಸ್ಟರು, ಎಲ್ಲರೂ ಕತ್ತು ತಿರುಗಿಸಿ ಹಿಂಬಾಗಿಲ ಕಡೆ ನೋಡುತ್ತಿದ್ದರು. ಮೋರಿಯ ಮೇಲೆ ಬಸ್ಸು ಒಮ್ಮೆ ಕುಲುಕಿತು. ಮುನುಸ್ವಾಮಿ ಮುಖದ ನೀರು ಒರೆಸಿಕೊಂಡು, ಉಸಿರೆಳೆದು, ಬಾಯಿ ತೆರೆದ.